ಜಾಲರಿ ಬಾಗಿಲಿನಾಚೆ ಸುಪೀರಿಯರ್

ಡೆಟ್ರಾಯಿಟ್ ಬಿಟ್ಟು ಐ-75 ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ, ಮಿಶಿಗನ್ನಿನ ಕೆಳಗಿನ ಪರ್ಯಾಯದ್ವೀಪ ಮುಗಿಯುವಲ್ಲಿ ಮ್ಯಾಕಿನಾ ಸೇತುವೆ ಎದುರಾಗುತ್ತದೆ. 1957ರಲ್ಲಿ ಸಂಚಾರಕ್ಕೆ ತೆರೆದ ಈ ತೂಗುಸೇತುವೆ ಸುಮಾರು 8 ಕಿಲೋಮೀಟರ್ ಉದ್ದ. ಎಡಕ್ಕೆ ಮಿಶಿಗನ್ ಸರೋವರ, ಬಲಕ್ಕೆ ಹ್ಯೂರಾನ್. ಹಿಂದೆ ಬಿಡಾರದ ಟ್ರೇಲರ್ ಕಟ್ಟಿಕೊಂಡಿದ್ದ ನಾವು ಹೊರಬದಿಯ ಪಥದಲ್ಲೇ ನಿಧಾನಕ್ಕೆ ಸಾಗಿದೆವು. ಒಳಬದಿಯ ಪಥಗಳು ಬರೀ ಉಕ್ಕಿನ ಜಾಲರಿ. ಅವುಗಳ ಮೇಲೆ ಕಾರುಗಳು ಗುಂಯ್ ಎನ್ನುತ್ತ ಓಡುತ್ತವೆ, ಸಂದುಗಳಲ್ಲಿ ಕೆಳಗಿನ ನೀರು ಕಾಣುತ್ತದೆ. ಜಲಸಂಧಿಯ ಗಾಳಿಗೆ ಎದೆಯೊಡ್ಡಿ ನಿಲ್ಲುವ ಬದಲು ಅದಕ್ಕೆ ದಾರಿ ಬಿಟ್ಟುಕೊಟ್ಟ ಜಾಣತನ ಇದು. ಟ್ರೇಲರಿನ ಜಾಲರಿ ಬಾಗಿಲಿಗೂ ಇದೇ ಕೆಲಸ: ಗಾಳಿಯನ್ನು ಬಿಡಬೇಕು, ಸೊಳ್ಳೆಯನ್ನು ತಡೆಯಬೇಕು. ನಮ್ಮ ಸೆಕೆಂಡ್‌ಹ್ಯಾಂಡ್ ಟ್ರೇಲರಿನ ಬಾಗಿಲು ಎರಡನ್ನೂ ಧಾರಾಳವಾಗಿ ಬಿಡುತ್ತಿತ್ತು.

ಅದು ಗೊತ್ತಾದದ್ದು ಟಕ್ವಾಮೆನನ್ ಜಲಪಾತದ ಬಳಿ ಬಿಡಾರ ಹೂಡಿದ ಸಂಜೆ. ಸುಮಾರು 60 ಮೀಟರ್ ಅಗಲಕ್ಕೆ ಹರಡಿಕೊಂಡು 15 ಮೀಟರ್ ಕೆಳಕ್ಕೆ ಬೀಳುವ ಈ ನದಿಯ ನೀರು ಥೇಟ್ ಚಹಾದ ಡಿಕಾಕ್ಷನ್. ಸೀಡರ್, ಹೆಮ್‌ಲಾಕ್ ಮರಗಳ ಜೌಗುನೆಲದಲ್ಲಿ ಹಾದುಬರುವಾಗ ಟ್ಯಾನಿನ್ ಬೆರೆತು ಆ ಬಣ್ಣ ಬರುತ್ತದೆ. ನೀರಿಗೆ ಬಣ್ಣ ಕೊಡುವ ಜೌಗೇ ಸೊಳ್ಳೆಗಳಿಗೂ ತವರು. ಕತ್ತಲಾಗುವಷ್ಟರಲ್ಲಿ ಮಕ್ಕಳ ಕೈಕಾಲೆಲ್ಲ ದದ್ದು.

ಬೆಳಿಗ್ಗೆ ಬಾಗಿಲನ್ನು ಕೂಲಂಕಷವಾಗಿ ನೋಡಿದೆ. ಇಂಥ ಗಾಡಿಗಳಲ್ಲಿ ಹೊರಗೊಂದು ದಪ್ಪ ಬಾಗಿಲು, ಒಳಗೊಂದು ತೆಳು ಅಲ್ಯುಮಿನಿಯಂ ಚೌಕಟ್ಟಿನ ಜಾಲರಿ ಬಾಗಿಲು. ಹೊರಬಾಗಿಲಿನ ಹಿಡಿಗೆ ಒಳಗಿನಿಂದ ಕೈ ಹಾಕಲು ನಡುವೆ ಸರಿದಾಡುವ ಪುಟ್ಟ ಪ್ಲಾಸ್ಟಿಕ್ ಹಲಗೆ. ಮಕ್ಕಳು ಹಿಡಿ ಹುಡುಕುವ ಗೋಜಿಗೆ ಹೋಗದೆ ಅಂಗೈಯಿಂದ ಜಾಲರಿಯನ್ನೇ ನೂಕುತ್ತಾರೆ. ನೂಕಿ ನೂಕಿ ಅದು ಹೊಟ್ಟೆ ಬಿಟ್ಟು, ಅಂಚಿನ ತೋಡಿನಿಂದ ಕಿತ್ತು ಬಂದಿತ್ತು.

ಜಾಲರಿಯನ್ನು ಹಿಡಿದಿಡುವುದು ತೋಡಿನೊಳಗೆ ಒತ್ತಿ ಕೂರಿಸುವ ರಬ್ಬರ್ ಹುರಿ. ಅದರ ದಪ್ಪದಲ್ಲಿ ಹಲವು ಬಗೆ ಇರುವುದರಿಂದ ಹಳೆಯದರ ಬೆರಳುದ್ದದ ತುಂಡು ಕತ್ತರಿಸಿ ಜೇಬಿಗಿಟ್ಟುಕೊಂಡು ನ್ಯೂಬೆರಿಯ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಲ್ಲಿ ಜಾಲರಿಯೂ ಎರಡು ಬಗೆ: ಅಂಗುಲಕ್ಕೆ ಒಂದು ದಿಕ್ಕಿನಲ್ಲಿ 18, ಇನ್ನೊಂದರಲ್ಲಿ 16 ಎಳೆಯ ಮಾಮೂಲಿನದು, ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯನ್ನೂ ತಡೆಯುವ 20-20ರದ್ದು. ಎಳೆ ಒತ್ತಾದಷ್ಟೂ ಗಾಳಿ ಕಮ್ಮಿ. ಗೂಡಿನಂಥ ಅಡುಗೆಮನೆಯಲ್ಲಿ ದಿನಾ ಒಗ್ಗರಣೆ ಹಾಕುವ ಕುಟುಂಬ ನಮ್ಮದು. ಮೆಣಸಿನಕಾಯಿ ಘಾಟಿಗೆ ಹೊಗೆ ಅಲಾರಂ ಕೂಗಿಕೊಳ್ಳುತ್ತದೆ. ಮಾಮೂಲಿನದನ್ನೇ ಕೊಂಡೆ, ಕಪ್ಪು ಬಣ್ಣದ್ದು. ಬೆಳ್ಳಿ ಬಣ್ಣದ್ದು ಬಿಸಿಲಿಗೆ ಮಿರುಗಿ ಆಚೆಯ ಕಾಡನ್ನು ಮಸುಕು ಮಾಡುತ್ತದೆ.

ಬಾಗಿಲು ಕಳಚಿ ಬಿಡಾರದ ಮೇಜಿನ ಮೇಲೆ ಮಲಗಿಸಿದೆವು. ಹೊಸ ಜಾಲರಿಯನ್ನು ಸುತ್ತಲೂ ಎರಡಂಗುಲ ಹೆಚ್ಚಿಗೆ ಬಿಟ್ಟು ಹಾಸಿ, ಮೂಲೆಯಿಂದ ಶುರು ಮಾಡಿ, ಪುಟ್ಟ ಗಾಲಿಯಿಂದ ಹುರಿಯನ್ನು ಒತ್ತುತ್ತ ಹೋದೆ. ಬಿಗಿ ಇರಲೆಂದು ಜಗ್ಗಿದರೆ ತೆಳು ಚೌಕಟ್ಟಿನ ಸೊಂಟವೇ ಒಳಕ್ಕೆ ಬಾಗುತ್ತದೆ. ಸುಕ್ಕಿಲ್ಲದಂತೆ ಹಾಸಿದ್ದರೆ ಸಾಕು, ಹುರಿ ಒಳಗಿಳಿಯುವಾಗ ತಾನೇ ಬಿಗಿಯುತ್ತದೆ. ಮಿಕ್ಕ ಅಂಚನ್ನು ಹುರಿಯ ಹೊರಬದಿಗೆ ಬ್ಲೇಡ್ ಹಿಡಿದು ಕೊಯ್ದೆ. ಮಕ್ಕಳ ಕೈಯೆತ್ತರಕ್ಕೆ ಅಡ್ಡಲಾಗಿ ಒಂದು ಅಲ್ಯುಮಿನಿಯಂ ಪಟ್ಟಿ ತಿರುಪಿಸಿದೆ: ಇನ್ನು ನೂಕುವುದಿದ್ದರೆ ಅದನ್ನು ನೂಕಲಿ. ಕೆಳಮೂಲೆಯ ಸಂದಿಗೆ ಅಂಟುವ ಫೋಮ್ ಪಟ್ಟಿ, ಸಿಕ್ಕಿಕೊಳ್ಳುತ್ತಿದ್ದ ಪ್ಲಾಸ್ಟಿಕ್ ಹಲಗೆಯ ಜಾಡಿಗೆ ಒಂದಿಷ್ಟು ಮೇಣ. ಆ ರಾತ್ರಿ ದಪ್ಪ ಬಾಗಿಲು ತೆರೆದಿಟ್ಟೇ ಊಟ ಮಾಡಿದೆವು. ಸೊಳ್ಳೆಗಳು ಜಾಲರಿಯ ಆಚೆ ಸಾಲುಗಟ್ಟಿ ಕಾದವು.

ಮಾರನೆಯ ದಿನ ಸೆನಿ ಊರಿನ ಮೇಲೆ ಹಾದೆವು. ಹೆಮಿಂಗ್ವೇ 1919ರಲ್ಲಿ ಮೀನು ಹಿಡಿಯಲು ಬಂದದ್ದು ಇಲ್ಲಿಗೆ. 1925ರಲ್ಲಿ ಪ್ರಕಟವಾದ ಅವನ 'ಬಿಗ್ ಟೂ-ಹಾರ್ಟೆಡ್ ರಿವರ್' ಕಥೆಯಲ್ಲಿ ಯುದ್ಧದಿಂದ ಮರಳಿದ ನಿಕ್, ಡೇರೆಯ ಬಾಯಿಗೆ ತೆಳುಬಟ್ಟೆ ಕಟ್ಟಿ ಸೊಳ್ಳೆ ತಡೆಯುತ್ತಾನೆ. ತೋಡು, ಹುರಿ, ಗಾಲಿಗಳ ರಗಳೆಯಿಲ್ಲದೆ ಅವನ ಕೆಲಸ ಮುಗಿಯಿತು.

ಅಲ್ಲಿಂದ ಗ್ರ್ಯಾಂಡ್ ಮರೇ ಮಾರ್ಗವಾಗಿ ಪಿಕ್ಚರ್ಡ್ ರಾಕ್ಸ್. 1966ರಲ್ಲಿ ಘೋಷಣೆಯಾದ ಅಮೆರಿಕದ ಮೊದಲ ರಾಷ್ಟ್ರೀಯ ಸರೋವರತೀರ ಇದು. ಮರಳುಗಲ್ಲಿನ ಕಡಿದಾದ ಗೋಡೆಗಳ ಮೇಲೆ ಜಿನುಗುವ ನೀರು ಕಬ್ಬಿಣದ ಕೆಂಪು, ತಾಮ್ರದ ಹಸಿರು, ಮ್ಯಾಂಗನೀಸಿನ ಕಪ್ಪು ಬಳಿಯುತ್ತ ಇಳಿಯುತ್ತದೆ. ಟ್ವೆಲ್ವ್‌ಮೈಲ್ ಬೀಚಿನಲ್ಲಿ, ಬರ್ಚ್ ಮರಗಳ ನಡುವೆ ಬಿಡಾರ. ಬಾಗಿಲಿನಾಚೆ ಮರಳು, ಮರಳಿನಾಚೆ ಸುಪೀರಿಯರ್ ಸರೋವರ. ಮಕ್ಕಳು ಅಡ್ಡಪಟ್ಟಿ ನೂಕಿ ನೀರಿಗೆ ಓಡಿದರು. ಓಡಿದಷ್ಟೇ ವೇಗದಲ್ಲಿ ಹಿಂದಿರುಗಿದರು. ದಕ್ಷಿಣದ ಗಾಳಿ ಬೀಸಿದ ದಿನ ಈ ದಡಕ್ಕೆ ಕಚ್ಚುವ ನೊಣಗಳು ಬಂದು ಮುತ್ತುತ್ತವೆ. ನೋಡಲು ಮನೆಯ ನೊಣದ ಹಾಗೇ, ಕಚ್ಚುವುದು ಕಣಕಾಲಿಗೆ. ಸೊಳ್ಳೆಯ ಕ್ರೀಮಿಗೆ ಅಷ್ಟಾಗಿ ಬಗ್ಗುವ ಪೈಕಿಯಲ್ಲ. ಬಾಗಿಲು ತನ್ನ ಕೆಲಸ ಚೆನ್ನಾಗಿಯೇ ಮಾಡುತ್ತಿತ್ತು, ಆದರೆ ಅಷ್ಟು ದೂರ ಬಂದದ್ದು ಬಾಗಿಲ ಹಿಂದೆ ಕೂರಲಿಕ್ಕಲ್ಲವಲ್ಲ. ಉದ್ದ ಪ್ಯಾಂಟು ತೊಟ್ಟು, ಕಾಲುಚೀಲವನ್ನು ಅದರ ಮೇಲಕ್ಕೆಳೆದುಕೊಂಡು ಎಲ್ಲರೂ ದಡಕ್ಕಿಳಿದೆವು.