ಕೊನೆಯ ಅರ್ಧ ಉಕಾರ

ಇಪ್ಪತ್ತು ವರ್ಷಗಳಿಂದ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಊರವರ ಹೆಸರು ಬರೆಯುತ್ತಿದ್ದೇನೆ. ಲಿಪಿ ಬದಲಾದಾಗ ಹೆಸರು ಏನನ್ನಾದರೂ ಕಳೆದುಕೊಳ್ಳುತ್ತದೆಂದು ಬಲ್ಲೆ. ಅದಕ್ಕೇ ಅರುಣಾಚಲದ ಲೋಂಗ್‌ಡಿಂಗ್ ಜಿಲ್ಲೆಯ ವಾಂಚೋ ಜನರ ಸಂಗತಿ ಓದಿದಾಗ ಮನಸ್ಸು ಅಲ್ಲೇ ನಿಂತಿತು.

ಅವರ ನುಡಿಯಲ್ಲಿ ದನಿಯ ಏರಿಳಿತ ಬದಲಾದರೆ ಅರ್ಥವೂ ಬೇರೆ. ರೋಮನ್ನಿಗಾಗಲಿ ದೇವನಾಗರಿಗಾಗಲಿ ಅದು ಸರಿಯಾಗಿ ದಕ್ಕಲಿಲ್ಲ. ಶಿಕ್ಷಕ ಬನ್‌ವಾಂಗ್ ಲೋಸು 2001ರಿಂದ 2012ರವರೆಗೆ ದುಡಿದು ಹೊಸ ಲಿಪಿಯನ್ನೇ ಕಟ್ಟಿದರು: 44 ಅಕ್ಷರ, ದನಿ ತೋರಿಸಲು 4 ಗುರುತು, ಅಂಕಿಗಳು ಬೇರೆ. 2019ರಲ್ಲಿ ಅದು ಯುನಿಕೋಡ್ ಸೇರಿತು. ಹನ್ನೊಂದು ವರ್ಷ! ನಮಗೆ ಒಂದು ಅರ್ಜಿ ತುಂಬುವಷ್ಟು ತಾಳ್ಮೆಯಿಲ್ಲ.

ನನ್ನ ಮನೆಮಾತು ತುಳು. ಮನೆಗೆ 'ಇಲ್ಲ್' ಎನ್ನುವಾಗ ಕೊನೆಗೆ ಬರುವ ಅರ್ಧ ಉಕಾರಕ್ಕೆ ನಾನು ಕಲಿತ ಕನ್ನಡ ವರ್ಣಮಾಲೆಯಲ್ಲಿ ಗುರುತಿಲ್ಲ. ಮಲಯಾಳದ ಚಂದ್ರಕ್ಕಲ ಅದನ್ನು ಹಿಡಿಯುತ್ತದೆ. ಕನ್ನಡಕ್ಕಾಗಿ ಮೆರವಣಿಗೆಯಲ್ಲಿ ನಡೆದವನಿಗೆ ಇದನ್ನು ಒಪ್ಪುವುದು ತುಸು ಕಷ್ಟವೇ.

ಅಮ್ಮ ತೀರಿಕೊಳ್ಳುವ ಮೊದಲು ಅವಳ ಪಾಡ್ದನಗಳನ್ನು ಕನ್ನಡದಲ್ಲಿ ಬರೆದಿಟ್ಟಿದ್ದೆ. ಮೊನ್ನೆ ಮಗಳು ಓದಿದಳು. ಪದಗಳೆಲ್ಲ ಇದ್ದವು, ಅಜ್ಜಿಯ ದನಿ ಇರಲಿಲ್ಲ. ಈಗ ರಾತ್ರಿ ಊಟವಾದ ಮೇಲೆ ಆ ಪುಸ್ತಕ ತೆರೆದು, ಬೇಕಾದ ಕಡೆ ಅಕ್ಷರದ ತಲೆಯ ಮೇಲೆ ಪೆನ್ಸಿಲಿನಿಂದ ಚಂದ್ರಕ್ಕಲ ಹಾಕುತ್ತಿದ್ದೇನೆ.