ಮೊದಲ ಚರಣಕ್ಕೆ ಮುಂಚೆ

ಚರ್ಚಿನ ಗಾಯನ ಮಂಡಳಿಯಲ್ಲಿ ಹಾಡಲು ನಿಂತ ಎಳೆಯ ಮಗು ಬಾಯಿ ತೆರೆಯದೆ ನಿಂತುಬಿಟ್ಟರೆ ಅದನ್ನು ಮಗುವಿನ ಪುಕ್ಕಲುತನವೆಂದು ಎಣಿಸುವ ವಾಡಿಕೆ ಎಷ್ಟು ಬೇರೂರಿದೆಯೆಂದರೆ, ಮುಂದಿನ ಬೆಂಚಿನಿಂದ "ನಾಚ್ಕೋಬೇಡ ಪುಟ್ಟಾ, ಹಾಡು" ಎಂದು ಕೂಗುವುದನ್ನೂ, ಆ ಹೊತ್ತಿಗೇ ಹತ್ತಾರು ಮೊಬೈಲುಗಳನ್ನು ಎತ್ತಿ ಹಿಡಿಯುವುದನ್ನೂ ಹಿರಿಯರು ಪ್ರೋತ್ಸಾಹವೆಂದೇ ನಂಬಿದ್ದಾರೆ. ಫ್ರಾಕಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು, ಕೆಳತುಟಿ ಕಚ್ಚಿ, ಅಮ್ಮ ಕುಳಿತ ಜಾಗವನ್ನು ಹುಡುಕುತ್ತಿರುವ ಮಗುವಿಗೆ ಅಂಥ ಪ್ರೋತ್ಸಾಹದಿಂದ ಆಗುವುದು ಒಂದೇ: ತನ್ನನ್ನು ನೋಡುತ್ತಿರುವ ಕಣ್ಣುಗಳು ಎಷ್ಟೆಂಬುದು ಅದಕ್ಕೆ ಇನ್ನಷ್ಟು ಖಚಿತವಾಗುತ್ತದೆ.

ಸಭಾಕಂಪದಲ್ಲಿ, ಅಂದರೆ ಜನರೆದುರು ನಿಂತಾಗ ಹುಟ್ಟುವ ನಡುಕದಲ್ಲಿ, ಅಡ್ರಿನಲಿನ್ ಎಂಬ ಸ್ರಾವ ರಕ್ತಕ್ಕೆ ಸೇರಿ ಎದೆಬಡಿತ ಹೆಚ್ಚುತ್ತದೆ, ಬಾಯಿ ಒಣಗುತ್ತದೆ, ಉಸಿರು ಗಿಡ್ಡವಾಗುತ್ತದೆ ಎಂಬುದು ಎಲ್ಲರೂ ಬಲ್ಲ ಸಂಗತಿ. ಅದಕ್ಕಿಂತ ಮುಖ್ಯವಾದದ್ದು, ಈ ಅಂಜಿಕೆ ಹುಟ್ಟಿನಿಂದ ಬಂದದ್ದಲ್ಲವೆಂಬುದು. ಮೂಗಿನ ಮೇಲೆ ಗೊತ್ತಾಗದಂತೆ ಬಣ್ಣ ಹಚ್ಚಿ ಕನ್ನಡಿಯೆದುರು ಕೂರಿಸಿದರೆ, ಸುಮಾರು 18ರಿಂದ 24 ತಿಂಗಳ ವಯಸ್ಸಿಗೆ ಬಂದ ಮಗು ಕನ್ನಡಿಯನ್ನು ಬಿಟ್ಟು ತನ್ನ ಮೂಗನ್ನೇ ಮುಟ್ಟಿಕೊಳ್ಳುತ್ತದೆ. ತಾನು ಇತರರಿಗೆ ಕಾಣುತ್ತೇನೆಂಬ ಅರಿವು ಅಲ್ಲಿಂದ ಮೊಳೆಯುತ್ತದೆ. ಮೂರರ ವಯಸ್ಸಿನಲ್ಲಿ ಗಂಟಲು ಹರಿಯುವಂತೆ ಹಾಡಿದ ಮಗು ಐದರಲ್ಲಿ ಮೂಕವಾಗುವುದಕ್ಕೆ ಆ ಅರಿವು ಬೆಳೆದದ್ದೇ ಕಾರಣವಿರಬಹುದಾದ್ದರಿಂದ, ಅದನ್ನು ಕೊರತೆಯೆಂದು ಕರೆಯುವುದು ಅನ್ಯಾಯ.

ಕೊರತೆಯಿರುವುದು ಏರ್ಪಾಡಿನಲ್ಲಿ. ಏಕಗಾನಕ್ಕೆ ಮಗುವಿನ ಹೆಸರನ್ನು ತಿಂಗಳ ಮೊದಲೇ ಸಾರಿ, ಹೊಸ ಫ್ರಾಕು ಹೊಲಿಸಿ, ಮುಂಬಯಿಯಲ್ಲಿರುವ ಅಜ್ಜಿಗೆ ಫೋನು ಮಾಡಿ ಮುಗಿಸಿದ ಮೇಲೆ ಮಗುವಿಗೆ ಉಳಿಯುವುದು ಕಾಯುವ ಕೆಲಸ, ಮತ್ತು ಭಯ ಬಲಿಯುವುದು ಆ ಕಾಯುವಿಕೆಯಲ್ಲಿಯೇ. ಇದಕ್ಕೆ ಇಂಗ್ಲೆಂಡಿನ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಪ್ರಾರ್ಥನಾಲಯ ಕಂಡುಕೊಂಡ ಉಪಾಯವನ್ನು ಎಷ್ಟು ಹೊಗಳಿದರೂ ಸಾಲದು. ಅಲ್ಲಿ 1918ರಿಂದ ಕ್ರಿಸ್‌ಮಸ್ಸಿನ ಹಿಂದಿನ ದಿನ ಒಂಬತ್ತು ಬೈಬಲ್ ಪಾಠಗಳ ನಡುನಡುವೆ ಕ್ಯಾರಲ್‌ಗಳನ್ನು, ಎಂದರೆ ಕ್ರಿಸ್ತಜನನದ ಹಾಡುಗಳನ್ನು, ಹಾಡುವ ಆರಾಧನೆ ನಡೆದುಬಂದಿದೆ. 1919ರಿಂದ ಅದು ತೊಡಗುವುದು 'ಒನ್ಸ್ ಇನ್ ರಾಯಲ್ ಡೇವಿಡ್ಸ್ ಸಿಟಿ' ಎಂಬ ಹಾಡಿನಿಂದ, ಅದರ ಮೊದಲ ಚರಣವನ್ನು ಆರ್ಗನ್ನಿನ ಆಸರೆಯೂ ಇಲ್ಲದೆ ಹಾಡುವವನು ಒಬ್ಬನೇ ಹುಡುಗ. ಬಿಬಿಸಿ 1928ರಲ್ಲಿ ಅದರ ಪ್ರಸಾರ ಆರಂಭಿಸಿದಂದಿನಿಂದ ಆ ಒಂಟಿ ದನಿಗೆ ಕಿವಿಗೊಡುವವರು ಲಕ್ಷಗಟ್ಟಲೆ. ಆದರೂ ಹಾಡುವವನು ಯಾರೆಂದು ಯಾವ ಹುಡುಗನಿಗೂ ಮೊದಲೇ ತಿಳಿದಿರುವುದಿಲ್ಲ. ಹಲವರಿಗೆ ಆ ಚರಣವನ್ನು ಕಲಿಸಿಟ್ಟ ನಿರ್ದೇಶಕರು, ಆರಂಭಕ್ಕೆ ಕ್ಷಣಗಳಿರುವಾಗ ಒಬ್ಬನತ್ತ ಸನ್ನೆ ಮಾಡುತ್ತಾರೆ. ಅವನು ಉಸಿರೆಳೆದು ಹಾಡುತ್ತಾನೆ, ಹೆದರಲು ಪುರಸೊತ್ತೇ ಸಿಕ್ಕುವುದಿಲ್ಲ. ಆಯ್ಕೆಯಾಗದವರಿಗೂ ಇದು ಉಪಕಾರವೇ, ಏಕೆಂದರೆ ತಾನಲ್ಲವೆಂಬ ನೋವನ್ನು ವಾರಗಟ್ಟಲೆ ಹೊತ್ತು ತಿರುಗುವ ಪಾಡು ಅವರಿಗಿಲ್ಲ, ಮರುಗಳಿಗೆಯಲ್ಲೇ ಅವರೂ ಹಾಡಬೇಕಾಗಿರುತ್ತದೆ. ಮಕ್ಕಳಿಗೆ ಹಾಡು ಕಲಿಸುವ ಪ್ರತಿಯೊಬ್ಬರೂ ಈ ಒಂದು ಪದ್ಧತಿಯನ್ನಾದರೂ ಎರವಲು ತರಬೇಕು.

1834ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆ ಕಾಲಿಟ್ಟ ಮಂಗಳೂರಿನ ಸೀಮೆಯಲ್ಲಿ ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂಡಿಸಿ ಸಭೆಯೆಲ್ಲ ಒಟ್ಟಾಗಿ ಹಾಡುವ ರೂಢಿ ಬಂದಿತು. ಆ ಸೀಮೆಯ ಮಗುವಿಗೆ ಅಷ್ಟು ದೂರದ ಮಾದರಿಯೂ ಬೇಕಿಲ್ಲ. ಅಲ್ಲಿಯ ಯಕ್ಷಗಾನದಲ್ಲಿ ಪೂರ್ವರಂಗವೆಂಬ ಭಾಗವಿದೆ. ಮುಖ್ಯ ಪ್ರಸಂಗಕ್ಕೆ ಮುಂಚೆ ಕೋಡಂಗಿ, ಬಾಲಗೋಪಾಲ ಮೊದಲಾದ ವೇಷಗಳಲ್ಲಿ ಕಲಿಯುವ ಹುಡುಗರು ರಂಗಸ್ಥಳಕ್ಕೆ ಬರುತ್ತಾರೆ. ಹಾಡುವ ಹೊಣೆ ಭಾಗವತರದು. ಬಾಲಗೋಪಾಲರಂತೂ ಇಬ್ಬರು, ಒಬ್ಬನ ಹೆಜ್ಜೆ ತಪ್ಪಿದರೆ ಪಕ್ಕದವನನ್ನು ನೋಡಿಕೊಳ್ಳಬಹುದು. ಪ್ರೇಕ್ಷಕರು ಇನ್ನೂ ಬರುತ್ತಿರುತ್ತಾರೆ, ಚಾಪೆ ಹಾಸುತ್ತಿರುತ್ತಾರೆ, ಕಡಲೆ ಕೊಳ್ಳುತ್ತಿರುತ್ತಾರೆ. ಹೀಗೆ ಅರ್ಧ ಗಮನವಿಟ್ಟವರೆದುರು ಕುಣಿದು ಕುಣಿದು ಕಾಲು ಪಳಗಿಸಿಕೊಂಡ ಹುಡುಗರೇ ಮುಂದೆ ನಡುರಾತ್ರಿಯಲ್ಲಿ ತರುಣ ವೀರರ ಪುಂಡುವೇಷಕ್ಕೂ ಪ್ರತಿನಾಯಕರ ಎದುರುವೇಷಕ್ಕೂ ಏರಿದ್ದು.