ಪುಟಸಂಖ್ಯೆಯ ಋಣ

ಹೊಸ ಪುಸ್ತಕ ಕೈಗೆ ಬಂದರೆ ನಾನು ಮೊದಲು ತಿರುವಿ ನೋಡುವುದು ಕೊನೆಯ ಪದಸೂಚಿಯನ್ನು. ಅದನ್ನು ಸಿದ್ಧಪಡಿಸಿದವರು ಇಡೀ ಪುಸ್ತಕವನ್ನು ಬೇರೆಯವರ ಅವಸರಕ್ಕಾಗಿ ನಿಧಾನವಾಗಿ ಓದಿರುತ್ತಾರೆ. ಅಂಥ ಓದಿನ ಬೆಲೆ ಇನ್ನಷ್ಟು ಮನದಟ್ಟಾದದ್ದು ಗಿಡ್ರಾದ ಒಡನಾಟದಲ್ಲಿ.

ಗಿಡ್ರಾ ಎಂದರೆ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಎನ್‌ಎಸ್‌ಎ 2019ರ ಮಾರ್ಚ್‌ನಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟ ರಿವರ್ಸ್ ಎಂಜಿನಿಯರಿಂಗ್ ಸಾಫ್ಟ್‌ವೇರ್. ಸೋರ್ಸ್ ಕೋಡ್ ಕೈಯಲ್ಲಿಲ್ಲದ ಪ್ರೋಗ್ರಾಮನ್ನು, ಅದು ವೈರಸ್ಸಾಗಲಿ, ಹಳೆಯ ಯಂತ್ರದ ಫರ್ಮ್‌ವೇರ್ ಆಗಲಿ, ಬಿಡಿಸಿ ಪ್ರೊಸೆಸರಿನ ಆದೇಶಗಳಾಗಿ ಮುಂದಿಡುತ್ತದೆ. ಗುರುತಿಲ್ಲದ ಆದೇಶ ಎದುರಾದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರೊಸೆಸರ್ ಮ್ಯಾನ್ಯುಯಲ್ ಆರಿಸಿದರಾಯಿತು, ತಯಾರಕರ ಕೈಪಿಡಿ ಅದೇ ಪುಟಕ್ಕೆ ತೆರೆದುಕೊಳ್ಳುತ್ತದೆ.

ಇಷ್ಟಕ್ಕೆಲ್ಲ ಆಧಾರ ಸೂಚಿ ಎಂಬ ಒಂದು ಸಾದಾ ಟೆಕ್ಸ್ಟ್ ಫೈಲು. ಮೇಲೆ ಕೈಪಿಡಿಯ ಹೆಸರು, ಆವೃತ್ತಿ. ಕೆಳಗೆ ಸಾಲಿಗೊಂದು ಆದೇಶ, ಅದರ ಪುಟಸಂಖ್ಯೆ. ಕೈಪಿಡಿ ಮಾತ್ರ ಗಿಡ್ರಾದ ಜೊತೆ ಬರುವುದಿಲ್ಲ, ನಾವೇ ತಂದು ಇಟ್ಟುಕೊಳ್ಳಬೇಕು. ಇಂಟೆಲ್‌ನ ಕೈಪಿಡಿಯ 325383 ಸಂಖ್ಯೆಯ ಸಂಪುಟದಲ್ಲಿ ಆದೇಶಗಳು ಅಕಾರಾದಿಯಾಗಿವೆ. ನಡುವೆ ಹೊಸದೊಂದು ಸೇರಿದರೆ ಅದರ ಮುಂದಿನವೆಲ್ಲ ಸರಿಯುತ್ತವೆ. ಹೊಸ ಕೈಪಿಡಿ, ಹಳೆಯ ಸೂಚಿ ಎಂದಾದರೆ ಹೋದ ವರ್ಷದ ಪಂಚಾಂಗದಲ್ಲಿ ಈ ವರ್ಷದ ಏಕಾದಶಿ ಹುಡುಕಿದ ಹಾಗೆ.

ಪುಟ ಸಿಗದಿದ್ದರೆ ಹುಡುಕಿಕೊಳ್ಳಬಹುದು. ನೆರೆಯ ಪುಟ ತೆರೆದುಕೊಂಡರೇ ಅಪಾಯ. ಮೂವ್‌ಎಸ್‌ಎಕ್ಸ್, ಮೂವ್‌ಜೆಡ್‌ಎಕ್ಸ್ ಎಂಬ ಆದೇಶಗಳು ಹೆಸರಲ್ಲೂ ಪುಟದಲ್ಲೂ ಹತ್ತಿರದವು. ಮೊದಲನೆಯದು ಸಂಖ್ಯೆಯ ಚಿಹ್ನೆಯನ್ನು ಉಳಿಸಿಕೊಂಡು ಹಿಗ್ಗಿಸುತ್ತದೆ, ಎರಡನೆಯದು ಸೊನ್ನೆ ತುಂಬುತ್ತದೆ. ಎಲ್ಲ ಬಿಟ್‌ಗಳೂ ಒಂದಾಗಿರುವ ಒಂದೇ ಬೈಟು ಅಲ್ಲಿ −1, ಇಲ್ಲಿ 255. ನಡುರಾತ್ರಿ ದಣಿದ ಕಣ್ಣಿಗೆ ಈ ಅಂತರ ತಪ್ಪಿಹೋದರೆ ಇಡೀ ವಿಶ್ಲೇಷಣೆಯೇ ದಾರಿ ತಪ್ಪುತ್ತದೆ.

ಸೂಚಿ ನವೀಕರಿಸಲು ಸ್ಕ್ರಿಪ್ಟ್ ಬರೆಯಬಹುದು, ಶೀರ್ಷಿಕೆಗಳನ್ನು ಅದು ಹೆಕ್ಕಿ ಕೊಡುತ್ತದೆ. ಆದರೆ ಜೆಇ, ಜೆಎನ್‌ಇ, ಜೆಜಿ ಮುಂತಾದ ಷರತ್ತಿನ ಜಂಪ್‌ಗಳಿಗೆಲ್ಲ ಕೈಪಿಡಿಯಲ್ಲಿ ಇರುವುದು ಜೆಸಿಸಿ ಎಂಬ ಒಂದೇ ಶೀರ್ಷಿಕೆ. ಸೂಚಿಯಲ್ಲಿ ಮಾತ್ರ ಪ್ರತಿಯೊಂದಕ್ಕೂ ಸ್ವಂತ ಸಾಲು ಬೇಕು. ಆ ನಂಟನ್ನು ಬಲ್ಲ ಮನುಷ್ಯರೇ ಕೂತು ತಾಳೆ ನೋಡಬೇಕು.

ಹೀಗೆ ತಿದ್ದಿದ ಫೈಲಿನಲ್ಲಿ ಕಾಣುವುದು ಸಾಲುಸಾಲು ಅಂಕಿಗಳ ಬದಲಾವಣೆ ಅಷ್ಟೆ. ಹೊಸ ಸೌಲಭ್ಯ ಸೇರಿಸಿದವರಿಗೆ ಸಿಗುವ ಶಹಬಾಸ್‌ಗಿರಿ ಸೂಚಿ ತಿದ್ದಿದವರಿಗೆ ಸಿಗುವುದು ಅಪರೂಪ. ಬರೆದಿಟ್ಟ ತಿಳಿವಳಿಕೆ ಬೇಕಾದ ಹೊತ್ತಿಗೆ ಕೈಗೆ ಸಿಕ್ಕಿದರೆ ತಾನೇ ಅದಕ್ಕೆ ಸಾರ್ಥಕತೆ? ಆದ್ದರಿಂದ ಕೈಪಿಡಿ ಬರೆದವರಿಗೆ ಸಲ್ಲುವ ಗೌರವದಲ್ಲಿ ಪುಟಸಂಖ್ಯೆ ತಿದ್ದಿದವರಿಗೂ ಪಾಲಿದೆ ಎಂದು ನಾನು ನಂಬಿದ್ದೇನೆ.